ಏಳನೆಯ ಕಾಲಂ

ನಮ್ಮ ಮನೆಯವರ ಕೈಗೆ ಯಾವ ಅರ್ಜಿ ಸಿಕ್ಕರೂ ಅವರು ಮೊದಲು ಹುಡುಕುತ್ತಿದ್ದುದು, ಅದನ್ನು ತುಂಬಿದ ಮಾದರಿ ಎಲ್ಲಾದರೂ ಅಂಟಿಸಿದೆಯೇ ಎಂದು. ಸಿಕ್ಕಿತೆಂದರೆ ಮುಗಿಯಿತು, ಮಾದರಿಯಲ್ಲಿ ಹೇಗಿದೆಯೋ ಹಾಗೆ, ಚುಕ್ಕೆಗೆ ಚುಕ್ಕೆ, ಗೆರೆಗೆ ಗೆರೆ. ನಮ್ಮ ಮದುವೆಯ ನೋಂದಣಿಯ ದಿನ ಕಚೇರಿಯ ಗೋಡೆಯ ಮೇಲಿದ್ದ ಮಾದರಿ ನೋಡಿಕೊಂಡು ಬರೆದವರು, ವಧುವಿನ ಹೆಸರಿನ ಜಾಗದಲ್ಲೂ ಅಲ್ಲಿದ್ದ ಹೆಸರನ್ನೇ ಬರೆದುಬಿಟ್ಟಿದ್ದರು. ಅಧಿಕಾರಿ ಕಾಗದ ನೋಡಿ, ನನ್ನ ಮುಖ ನೋಡಿ, "ಇವರು ಇನ್ನೂ ಬಂದಿಲ್ವಾ?" ಎಂದು ಕೇಳಿದರು. ಹತ್ತು ನಿಮಿಷದ ಮಟ್ಟಿಗೆ ನಾನು ನನ್ನ ಮದುವೆಗೇ ಬಂದ ಅತಿಥಿಯಾಗಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತು ನಗದೆ ಸ್ವಲ್ಪ ಗದರಿಸಿದ್ದರೆ ಮುಂದಿನದು ತಪ್ಪುತ್ತಿತ್ತೇನೋ. ಆದರೆ ಮದುವೆಯ ದಿನವೇ ಗಂಡನನ್ನು ಗದರಿಸುವುದು ಹೇಗೆ? ಅದಕ್ಕೆ ಮಾದರಿ ಇರಲಿಲ್ಲ.

ಅವರು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕರು. ನಾವಿದ್ದದ್ದು ವಿಶ್ವವಿದ್ಯಾಲಯದವರೇ ಕೊಟ್ಟ ಮನೆಯಲ್ಲಿ. ಸಾಲುಮನೆ, ನಡುವೆ ಸೊಂಟದೆತ್ತರದ ಗೋಡೆ, ಗೋಡೆಯಾಚೆ ನಕ್ಷೆ ಮೇಷ್ಟ್ರು. ಅವರು ಭೂಗೋಳ ವಿಭಾಗದಲ್ಲಿ ಮೂವತ್ತು ವರ್ಷದಿಂದ ಒಂದೇ ಪಾಠ ಮಾಡುತ್ತಿದ್ದರು: ನಕ್ಷೆ ಬಿಡಿಸುವುದು. ಒಂಟಿ ಮನುಷ್ಯ, ಮಾತು ಕಡಿಮೆ. ಪ್ರತಿ ಸೋಮವಾರ ಬೆಳಿಗ್ಗೆ ಆ ಗೋಡೆಯ ಮೇಲೆ ಚೂಪಾಗಿ ಕೆತ್ತಿದ ಎರಡು ಪೆನ್ಸಿಲ್ ಇಟ್ಟಿರುತ್ತಿದ್ದರು. ಒಂದು ನಮ್ಮವರಿಗೆ, ಒಂದು ನನಗೆ. ನಾನು ಅದರಲ್ಲಿ ಏನು ಬರೆಯುತ್ತೇನೆಂದು ಒಮ್ಮೆಯೂ ಕೇಳಲಿಲ್ಲ. ಮನೆಯಲ್ಲಿರುವ ಹೆಂಗಸಿಗೂ ಬರೆಯುವುದಿರುತ್ತದೆ ಎಂದು ಯಾರೂ ಹೇಳದೆ ತಿಳಿದುಕೊಂಡಿದ್ದ ಗಂಡಸು ನಾನು ಕಂಡಂತೆ ಅವರೊಬ್ಬರೇ.

ಅವರ ಕೋಣೆಯಲ್ಲಿ ಒಂದು ಗಾಜಿನ ಮೇಜಿತ್ತು, ಅದರ ಅಡಿಯಲ್ಲಿ ದೀಪ. ವಿದ್ಯಾರ್ಥಿಗಳು ಅದರ ಮೇಲೆ ಕಾಗದ ಹಾಸಿ ನಮ್ಮ ಊರಿನ ಬೀದಿ ಬೀದಿಯನ್ನೂ ಕೈಯಲ್ಲೇ ಬರೆಯುತ್ತಿದ್ದರು. ಇಡೀ ಊರು ಹನ್ನೆರಡು ಹಾಳೆಗಳಲ್ಲಿ, ವರ್ಷಕ್ಕೆ ಎರಡು ಹಾಳೆಯಂತೆ. ಹತ್ತು ಮುಗಿದು ಗೋಡೆ ಏರಿದ್ದವು. ಹನ್ನೊಂದನೆಯದರಲ್ಲಿ ವಿಶ್ವವಿದ್ಯಾಲಯ, ಹನ್ನೆರಡನೆಯದರಲ್ಲಿ ನಮ್ಮ ಈ ಸಾಲುಮನೆಗಳು ಬರಬೇಕಿತ್ತು. ಅವರ ನಿವೃತ್ತಿಗೆ ಉಳಿದದ್ದು ಒಂದೂವರೆ ವರ್ಷ.

"ಲೆಕ್ಕ ಸರಿಯಾಗಿದೆ ನೋಡಿ ತಾಯಿ," ಎಂದು ಒಂದು ದಿನ ಗೋಡೆಯಾಚೆಯಿಂದ ಹೇಳಿದ್ದರು. "ಕೊನೇ ವರ್ಷ, ಕೊನೇ ಎರಡು ಹಾಳೆ. ನಿಮ್ಮ ಬಟ್ಟೆ ಒಣಗಿಸೋ ಹಗ್ಗಾನೂ ಹಾಕಿಸ್ತೀನಿ."

ಇಷ್ಟು ಸರಿಯಾಗಿದ್ದ ಲೆಕ್ಕವನ್ನು ಕೆಡಿಸಲು ಒಂದು ಭಾನುವಾರದ ಊಟ ಸಾಕಾಯಿತು.

ಆ ದಿನ ನಮ್ಮ ನಾದಿನಿ ಬಂದಿದ್ದಳು. ಅವಳು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವಳ ಮುಂದೆ ಕೂತರೆ ದೊಡ್ಡವರೂ ಕೈಕಟ್ಟಿಕೊಳ್ಳುತ್ತಾರೆ. ತಟ್ಟೆಯಿಂದ ತಲೆ ಎತ್ತದೆ ಅಣ್ಣನನ್ನು ಕೇಳಿದಳು: "ಅಣ್ಣಾ, ಇಪ್ಪತ್ತೆರಡು ವರ್ಷ ಆಯ್ತಲ್ಲ ಪಾಠ ಮಾಡ್ತಾ. ಯಾರೋ ಬೇಯಿಸಿದ್ದನ್ನ ಬಡಿಸ್ತಾನೇ ಇದ್ದೀಯ. ನಿಂದು ಅಂತ ಒಂದು ಪಾಠ ಉಂಟಾ?"

"ಉಂಟಲ್ಲ," ಎಂದರು ನಮ್ಮವರು.

"ಯಾವುದು?"

ನಮ್ಮವರು ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದರು. ಲೋಟ ಕೆಳಗಿಳಿಯುವಷ್ಟರಲ್ಲಿ ಒಂದು ಹೊಸ ಪಾಠ ಹುಟ್ಟಿತ್ತು. "ಹಳೆಯ ದಾಖಲೆಗಳನ್ನು ಗಮನವಿಟ್ಟು ಓದುವ ಕಲೆ," ಎಂದರು. "ಇನ್ನೇನು ಪಠ್ಯಕ್ರಮಕ್ಕೆ ಸೇರತ್ತೆ."

ಅನ್ಯಾಯ ಹೇಳಬಾರದು, ಆಸೆ ಹಳೆಯದೇ. ಕಾಗದಪತ್ರ ಓದುವಾಗ ಎಲ್ಲಿ ನಿಲ್ಲಬೇಕು, ಏನನ್ನು ಅನುಮಾನಿಸಬೇಕು, ಯಾರ ಸಹಿ ಯಾಕಿದೆ ಎಂದು ವಿದ್ಯಾರ್ಥಿಗಳಿಗೆ ಕಲಿಸಬೇಕೆಂದು ಅವರು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ತಂಗಿಯ ಬಾಯಿಗೆ ಹೆದರಿ ಮರುದಿನವೇ ಹೊರಟದ್ದಷ್ಟೇ ಹೊಸದು.

ವಿಶ್ವವಿದ್ಯಾಲಯದಲ್ಲಿ ಒಂದು ಪಾಠ ಸೇರಿಸುವುದೆಂದರೆ ಮನೆಗೆ ಒಂದು ಕುರ್ಚಿ ತಂದಂತಲ್ಲ. ಅರ್ಜಿ ಮೊದಲು ವಿಭಾಗದ ಸಭೆಗೆ ಹೋಗಬೇಕು. ಅಲ್ಲಿ ಆರು ಜನ. ಆಮೇಲೆ ಅಧ್ಯಯನ ಮಂಡಳಿ, ಒಂಬತ್ತು ಜನ. ಆಮೇಲೆ ಡೀನರ ಸಭೆ, ಹದಿನೆಂಟು ಜನ. ಕೊನೆಗೆ ಕುಲಪತಿಗಳ ಪರಿಷತ್ತು, ನಲವತ್ತು ಜನ. ಒಟ್ಟು ಎಪ್ಪತ್ತಮೂರು ಜೊತೆ ಕಣ್ಣು, ಕನ್ನಡಕಗಳನ್ನು ಲೆಕ್ಕಕ್ಕೆ ಹಿಡಿಯದೆ. ಒಂದರ ಕೆಳಗೊಂದು ನಾಲ್ಕು ಜರಡಿ ಹಿಡಿದಂತೆ. ಆದರೆ ಜರಡಿಗಳ ಒಂದು ಗುಣವನ್ನು ನಾನು ಆಮೇಲೆ ತಿಳಿದುಕೊಂಡೆ: ಮೇಲಿನದು ಕೆಳಗಿನದು ಹಿಡಿಯುತ್ತದೆಂದು ಬಿಡುತ್ತದೆ, ಕೆಳಗಿನದು ಮೇಲಿನದು ಹಿಡಿದಿರುತ್ತದೆಂದು ಬಿಡುತ್ತದೆ.

ಅರ್ಜಿಯಲ್ಲಿ ಹತ್ತು ಕಾಲಂ. ಗೋಡೆಯ ಮೇಲೆ, ಪುಣ್ಯಕ್ಕೋ ಪಾಪಕ್ಕೋ, ತುಂಬಿದ ಮಾದರಿ.

ಆ ಕಚೇರಿಯ ಗುಮಾಸ್ತೆ ಒಳ್ಳೆಯ ಹೆಂಗಸು. ನಮ್ಮವರು ಬೆವರಿದ್ದನ್ನು ಕಂಡು ಮೊದಲು ಫ್ಯಾನ್ ತಿರುಗಿಸಿ, ಆಮೇಲೆ ಮಾತಾಡಿದಳಂತೆ. "ಏನೂ ಕಷ್ಟ ಇಲ್ಲ ಸಾರ್. ಆ ಮಾದರೀಲಿ ಹೇಗಿದೆಯೋ ಹಾಗೇ ತುಂಬಿ ತನ್ನಿ."

ಬೇರೆ ಯಾರಿಗಾದರೂ ಹೇಳಿದ್ದರೆ ಅದು ನಿರಪಾಯದ ಮಾತು.

ಮೊದಲ ಆರು ಕಾಲಂಗಳಲ್ಲಿ ಹೊಸ ಪಾಠದ ಹೆಸರು, ವಾರಕ್ಕೆಷ್ಟು ಗಂಟೆ ಎಂಬುದೆಲ್ಲ ಸರಿಯಾಗಿಯೇ ಇತ್ತು. ಏಳನೆಯ ಕಾಲಂ ಹೀಗಿತ್ತು: 'ಈ ವಿಷಯಕ್ಕೆ ಸ್ಥಳ ಮಾಡಿಕೊಡಲು ಕೈಬಿಡುವ ವಿಷಯ'. ವಾರದ ಗಂಟೆಗಳು ಇದ್ದಷ್ಟೇ ಇರುತ್ತವೆ; ತುಂಬಿದ ಬಸ್ಸಿನಂತೆ ಒಬ್ಬರು ಹತ್ತಬೇಕಾದರೆ ಒಬ್ಬರು ಇಳಿಯಬೇಕು. ಎಂಟನೆಯದು, ಇಳಿಯುವವರ ಒಪ್ಪಿಗೆಯ ಸಹಿ. ಮಾದರಿಯಲ್ಲಿ ಅಲ್ಲಿ 'ನಕ್ಷೆ ಬಿಡಿಸುವುದು' ಎಂದು ಬರೆದಿತ್ತು. ನಮ್ಮವರೂ ಬರೆದರು. ಅರ್ಜಿ ಕೊಡುವಾಗ ಗುಮಾಸ್ತೆ ಬೆರಳಿಟ್ಟು ನೋಡಿ, "ಎಂಟನೇ ಕಾಲಮ್ಮಿಗೆ ನಕ್ಷೆ ಮೇಷ್ಟ್ರ ಸಹಿ ಬೇಕು ಸಾರ್," ಎಂದಳು. ಯಾಕೆ ಎಂದು ಕೇಳುವುದು ನಮ್ಮವರ ಜಾಯಮಾನದಲ್ಲಿಲ್ಲ. ಮಾದರಿಯಲ್ಲೂ ಅಲ್ಲೊಂದು ಸಹಿ ಇತ್ತು. ಯಾರಾದರೊಬ್ಬ ಸಾಕ್ಷಿ ಬೇಕೇನೋ, ಸದ್ಯ ಪಕ್ಕದ ಮನೆಯವರೇ ಸಿಕ್ಕರು ಎಂದು ಖುಷಿಯಾಗಿ ಮನೆಗೆ ಬಂದರು.

ಸಹಿ ಹಾಕಿದ್ದು ಗೋಡೆಯ ಬಳಿ. ನಾನು ಬಟ್ಟೆ ಹರವುತ್ತಿದ್ದೆ.

"ಮೇಷ್ಟ್ರೇ, ಇಲ್ಲೊಂದು ಸಹಿ," ಎಂದರು ನಮ್ಮವರು.

ನಕ್ಷೆ ಮೇಷ್ಟ್ರು ಕಾಗದವನ್ನು ಇಸಿದುಕೊಂಡರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆಯೇನೋ ಎಂದು ನಾನು ಹಾಸಿಗೆ ಹೊದಿಕೆಯನ್ನು ಸ್ವಲ್ಪ ಅತ್ತ ಎಳೆದು ನೆರಳು ಮಾಡಿದೆ.

"ಇದು ನಿಮಗೆ ಬಹಳ ದಿನದ ಆಸೆ, ಅಲ್ವಾ ಪ್ರೊಫೆಸರೇ?" ಎಂದರು. ನಮ್ಮವರು ಪ್ರೊಫೆಸರ್ ಆಗಿರಲಿಲ್ಲ. ಮೇಷ್ಟ್ರು ಮಾತ್ರ ಹಾಗೆ ಕರೆಯುತ್ತಿದ್ದರು.

"ಬಹಳ ವರ್ಷದ್ದು ಮೇಷ್ಟ್ರೇ. ನಿಮ್ಮದೊಂದು ಸಹಿ ಬಿದ್ರೆ ದಾರಿ ಸಲೀಸು."

ಅವರು ಕಾಗದಕ್ಕೆ ಆಸರೆ ಹುಡುಕಿದರು. ನಾನು ಒಳಗಿನಿಂದ ಒಂದು ತಟ್ಟೆ ತಂದುಕೊಟ್ಟೆ. ಅದರ ಬೆನ್ನ ಮೇಲೆ ಕಾಗದವಿಟ್ಟು, ನಕ್ಷೆಯ ಮೂಲೆಯಲ್ಲಿ ಹೆಸರು ಬರೆಯುವಷ್ಟೇ ಚೊಕ್ಕಟವಾಗಿ ಸಹಿ ಹಾಕಿ, ತಟ್ಟೆಯನ್ನು ಒರೆಸಿ ವಾಪಸು ಕೊಟ್ಟರು. ಆ ತಟ್ಟೆಯನ್ನು ನಾನು ಕೊಡದೆ ಇದ್ದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಹುಚ್ಚು, ತಟ್ಟೆ ಇಲ್ಲದಿದ್ದರೆ ಗೋಡೆ ಇತ್ತು.

ಅರ್ಜಿ ಜರಡಿಗಳ ಮೂಲಕ ಇಳಿಯಿತು. ವಿಭಾಗದಲ್ಲಿ ಆರು ಜನ ನಮ್ಮವರ ಬೆನ್ನು ತಟ್ಟಿದರು. ಅಧ್ಯಯನ ಮಂಡಳಿಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಅದು 'ಓದುವ ಕಲೆ'ಯೋ 'ಓದುವ ಶಾಸ್ತ್ರ'ವೋ ಎಂಬುದು ವಿಷಯ. ಶಾಸ್ತ್ರ ಎಂದವರು ಸಿಟ್ಟಾಗಿ ಎದ್ದುಹೋಗಿ, ಕಾಫಿ ಬಂದಿತೆಂದು ಕೇಳಿ ವಾಪಸು ಬಂದರು. ಡೀನರ ಸಭೆಯಲ್ಲಿ ಭೂಗೋಳ ವಿಭಾಗದ ಮುಖ್ಯಸ್ಥರೇ ಇದ್ದರು. ಅವರು ಪುಟ ತಿರುಗಿಸಿ, ಎಂಟನೆಯ ಕಾಲಮ್ಮಿನಲ್ಲಿ ತಮ್ಮ ನಕ್ಷೆ ಮೇಷ್ಟ್ರ ಸಹಿ ಕಂಡು, 'ಅವರೇ ಸಹಿ ಹಾಕಿದ ಮೇಲೆ ನಾನು ಓದುವುದೇನು' ಎಂದು ಪುಟ ಮುಚ್ಚಿದರಂತೆ. ಪರಿಷತ್ತಿನಲ್ಲಿ ಊಟಕ್ಕೆ ಮೊದಲು ಅರವತ್ತೆಂಟು ವಿಷಯಗಳಿದ್ದವು. ಕುಲಪತಿಗಳು ಸಂಖ್ಯೆ ಓದುವುದು, ಸಭೆ ಸುಮ್ಮನಿರುವುದು, ಅವರು 'ಅಂಗೀಕಾರ' ಎನ್ನುವುದು. ನಮ್ಮವರದು ಅರವತ್ತೇಳನೆಯದು. ಆ ಹೊತ್ತಿಗೆ ಊಟದ ವಾಸನೆ ಸಭಾಂಗಣಕ್ಕೆ ಬಂದಿತ್ತು.

ಹೊಸ ಪಠ್ಯಕ್ರಮದ ಪುಸ್ತಕ ಅಚ್ಚಾಗಿ ಬಂದ ದಿನ ನಮ್ಮವರು ತಂಗಿಯನ್ನು ಊಟಕ್ಕೆ ಕರೆದರು. ಪುಟದ ನಡುವೆ ಗುರುತಿಗೆಂದು ನಕ್ಷೆ ಮೇಷ್ಟ್ರು ಕೊಟ್ಟ ಪೆನ್ಸಿಲನ್ನೇ ಇಟ್ಟು, ತಟ್ಟೆಯ ಪಕ್ಕ ಪುಸ್ತಕವಿಟ್ಟರು.

ನಾದಿನಿ ಕೈ ತೊಳೆದು ಬಂದು ಓದಿದಳು. ಅವಳಿಗೊಂದು ಕೆಟ್ಟ ಅಭ್ಯಾಸ: ಓದತೊಡಗಿದರೆ ಪೂರ್ತಿ ಓದುತ್ತಾಳೆ.

"ಚೆನ್ನಾಗಿದೆ ಅಣ್ಣಾ. ಪರವಾಗಿಲ್ಲ, ಬೇಯಿಸೋಕೂ ಬರತ್ತೆ ನಿನಗೆ." ಪುಟ ತಿರುಗಿಸಿದಳು. ಹಿಂದೆ ತಿರುಗಿಸಿದಳು. "ಅತ್ತಿಗೆ, ಪಕ್ಕದ ಮನೆ ಮೇಷ್ಟ್ರು ರಿಟೈರ್ ಆದ್ರಾ?"

"ಇಲ್ಲವಲ್ಲ. ಇನ್ನೂ ಒಂದು ವರ್ಷದ ಮೇಲಿದೆ."

"ಮತ್ತೆ ಅವರ ಪಾಠಾನೇ ಇಲ್ಲವಲ್ಲ ಇಲ್ಲಿ? 'ಕೈಬಿಟ್ಟಿದೆ' ಅಂತಿದೆ. ಯಾರಪ್ಪಾ ಆ ಪುಣ್ಯಾತ್ಮ, ಒಂದು ವರ್ಷ ತಡಕೊಳ್ಳೋಕೆ ಆಗದೋನು?"

ನಮ್ಮವರು ಪುಸ್ತಕ ಕಿತ್ತುಕೊಂಡರು. ಆಮೇಲೆ ಎದ್ದುಹೋಗಿ ಕಪಾಟಿನಿಂದ ಅರ್ಜಿಯ ನಕಲನ್ನು ತಂದು, ಬಹುಶಃ ಮೊದಲ ಬಾರಿಗೆ, ಗಮನವಿಟ್ಟು ಓದಿದರು. ಏಳನೆಯ ಕಾಲಮ್ಮಿಗೆ ಬಂದಾಗ ಅವರ ಮುಖ ಹೇಗಾಯಿತೆಂದರೆ, ತಂಗಿಯೇ ಸುಮ್ಮನಾದಳು. ಅವಳ ಆಯುಸ್ಸಿನಲ್ಲಿ ಅದು ಮೊದಲನೆಯ ಸಲ.

"ಅವರು ಓದದೇ ಸಹಿ ಹಾಕಿದ್ರು ಕಣೇ," ಎಂದರು ನನ್ನ ಕಡೆ ತಿರುಗಿ. "ನನ್ನ ನಂಬಿ, ಓದದೇ ಹಾಕಿದ್ರು."

"ಹೋಗಿ ಹೇಳಿಬಿಡಿ ಈಗಲೇ," ಎಂದೆ.

"ಏನಂತ ಹೇಳ್ಲಿ? ನಿಮ್ಮ ಕೈಯಲ್ಲೇ ನಿಮ್ಮ ಕತ್ತು ಕುಯ್ಯಿಸಿದೆ ಅಂತಲಾ? ಮೊದಲು ಸರಿ ಮಾಡಿಸ್ತೀನಿ. ಪಾಠ ವಾಪಸು ತಂದು, ಆದೇಶ ಕೈಯಲ್ಲಿ ಹಿಡಕೊಂಡು ಹೋಗ್ತೀನಿ. ಅಲ್ಲೀವರೆಗೆ ಅವರ ಮುಖ ನೋಡಲ್ಲ."

ನಮ್ಮ ಬಾಗಿಲಿಂದ ಮೇಷ್ಟ್ರ ಬಾಗಿಲಿಗೆ ಹನ್ನೊಂದು ಹೆಜ್ಜೆ. ನಾನು ಅವತ್ತು ನಮ್ಮವರ ಕೈಹಿಡಿದು ಎಳೆದುಕೊಂಡು ಹೋಗಬೇಕಿತ್ತು. ತಟ್ಟೆ ತೊಳೆಯಲು ಹೋದೆ.

ಮರುದಿನ ಕಚೇರಿಯಲ್ಲಿ ಗುಮಾಸ್ತೆ ತಲೆಯ ಮೇಲೆ ಕೈಹೊತ್ತಳಂತೆ. "ಅಯ್ಯೋ ಸಾರ್, ಮಾದರಿ ಥರ ತುಂಬಿ ಅಂದ್ರೆ ಮಾದರೀನೇ ತುಂಬೋದಾ? ಅಲ್ಲಿ ನಿಮಗೆ ಬೇಡದ ವಿಷಯ ಬರೀಬೇಕಿತ್ತು!"

"ಮಾದರೀಲಿ ನಕ್ಷೆ ಅಂತ ಬರೆದೋರು ಯಾರು?"

"ನಾನೇ. ಕಾಲಂ ಚಿಕ್ಕದಿತ್ತು ಸಾರ್, ಚಿಕ್ಕ ಹೆಸರು ಬೇಕಿತ್ತು. ಎಂಟು ವರ್ಷದಿಂದ ಗೋಡೆ ಮೇಲಿದೆ, ಇಷ್ಟು ದಿನ ಯಾರಿಗೂ ಏನೂ ಆಗಿಲ್ಲ!" ಎಂದು ಅವಳ ಕಣ್ಣಲ್ಲೂ ನೀರು. ಕೊನೆಗೆ ನಮ್ಮವರೇ ಅವಳಿಗೆ ಸಮಾಧಾನ ಹೇಳಿ, ಫ್ಯಾನ್ ತಿರುಗಿಸಿ ಬಂದರು.

ಮಂಡಳಿಯ ಅಧ್ಯಕ್ಷರು ವಿಭಾಗ ನೋಡಿರುತ್ತದೆ ಎಂದುಕೊಂಡಿದ್ದರು. ವಿಭಾಗದವರು ಮಂಡಳಿ ನೋಡುತ್ತದೆ ಎಂದುಕೊಂಡಿದ್ದರು. ಡೀನರು ಬಾಗಿಲು ಹಾಕಿ ತಗ್ಗಿದ ದನಿಯಲ್ಲಿ ಹೇಳಿದರು: "ನೋಡಿ ಇವರೇ, ತಪ್ಪು ಅಂತ ಒಪ್ಪಿಕೊಳ್ಳಬಹುದು. ಆದ್ರೆ ಅದು ನಿಮ್ಮೊಬ್ಬರ ತಪ್ಪಾಗಲ್ಲ, ಎಪ್ಪತ್ತಮೂರು ಜನ ಓದಲಿಲ್ಲ ಅಂತಾಗತ್ತೆ. ಅದರಲ್ಲಿ ಕುಲಪತಿಗಳೂ ಒಬ್ಬರು. ಹಾಗಾಗಿ ತಪ್ಪು ಆಗಿಲ್ಲ."

"ಆಗಿದೆಯಲ್ಲ ಸಾರ್!"

"ಆಗಿಲ್ಲ. ನಿಮಗೆ ನಕ್ಷೆ ಪಾಠ ಅಷ್ಟು ಬೇಕೆನಿಸಿದ್ರೆ ಹೊಸದಾಗಿ ಅರ್ಜಿ ಹಾಕಿ. ಅದೇ ನಮೂನೆ, ಅದೇ ನಾಲ್ಕು ಸಭೆ."

ಅದೇ ನಮೂನೆ ಮನೆಗೆ ಬಂತು. ಏಳನೆಯ ಕಾಲಂ ಮತ್ತೆ ಬಾಯಿ ತೆರೆದು ಕೂತಿತ್ತು: ನಕ್ಷೆಗೆ ಸ್ಥಳ ಮಾಡಿಕೊಡಲು ಯಾವುದನ್ನು ಕೈಬಿಡುತ್ತೀರಿ? ಈ ಸಲ ಮಾದರಿ ನೋಡಲಿಲ್ಲ. ಮೂರು ದಿನ ಸುಮ್ಮನೆ ಕೂತಿದ್ದು, ನಾಲ್ಕನೆಯ ದಿನ ಬರೆದರು: 'ಹಳೆಯ ದಾಖಲೆಗಳನ್ನು ಗಮನವಿಟ್ಟು ಓದುವ ಕಲೆ'. ಎಂಟನೆಯ ಕಾಲಮ್ಮಿನಲ್ಲಿ ತಮ್ಮದೇ ಸಹಿ ಹಾಕಿದರು. ಹಾಕುವ ಮುನ್ನ ನಾಲ್ಕು ಸಲ ಓದಿದರು.

ದುರದೃಷ್ಟ ನೋಡಿ, ಈ ಸಲ ಎಲ್ಲರೂ ಓದಿದರು. ಒಮ್ಮೆ ಪೆಟ್ಟು ತಿಂದ ಜರಡಿಗಳು ಈಗ ನೀರನ್ನೂ ಬಿಡಲೊಲ್ಲವು. ಮಂಡಳಿಯಲ್ಲಿ 'ಶಾಸ್ತ್ರ'ದ ಸದಸ್ಯರು ಮೇಜು ಗುದ್ದಿದರು.

"ಇಂಥ ಅಮೂಲ್ಯ ವಿಷಯಾನ ಬಂದ ವರ್ಷವೇ ತೆಗೆಯೋದಾ? ಇದನ್ನ ತಂದೋರು ಯಾರು?"

"ನಾನೇ," ಎಂದರು ನಮ್ಮವರು.

"ತೆಗೀತಿರೋರು?"

"ನಾನೇ."

"ಹಾಗಾದ್ರೆ ನಿಮ್ಮಿಬ್ಬರಲ್ಲೇ ಒಮ್ಮತ ಇಲ್ಲ. ಒಂದು ಉಪಸಮಿತಿ ಮಾಡೋಣ."

ಉಪಸಮಿತಿಯಾಯಿತು. ನಮ್ಮವರು ತಮ್ಮ ಪಾಠದಿಂದ ಯಾಕೆ ಪ್ರಯೋಜನವಿಲ್ಲ ಎಂದು ಹನ್ನೆರಡು ಪುಟ ಬರೆದುಕೊಟ್ಟರು. ಅವರು ಬರೆದದ್ದರಲ್ಲೆಲ್ಲ ಅದೇ ಉತ್ತಮ ಬರಹ. ಓದಿದ ಉಪಸಮಿತಿಯವರು, ಇಷ್ಟು ಚೆನ್ನಾಗಿ ವಾದಿಸಬಲ್ಲವರ ಪಾಠವನ್ನು ಬಿಡುವುದು ನಷ್ಟವೆಂದು ಷರಾ ಬರೆದು ಕಡತವನ್ನು ಆರು ತಿಂಗಳು ಇಟ್ಟುಕೊಂಡು, ಕೊನೆಗೆ ಮುಂದಿನ ಸಭೆಗೆ ಕಳಿಸಿದರು. ಇತ್ತ ಆ ಪಾಠವನ್ನು ಮಾಡಲೂ ಬೇಕಲ್ಲ. ಮೊದಲ ತರಗತಿಯಲ್ಲೇ ಒಬ್ಬಳು ವಿದ್ಯಾರ್ಥಿನಿ ಎದ್ದುನಿಂತು, "ಸಾರ್, ಸರಿಯಾಗಿ ಓದದೇ ಹೋದ್ರೆ ಏನಾಗತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡಿ," ಎಂದಳಂತೆ. ನಮ್ಮವರು ಅವತ್ತು ಗಂಟೆ ಹೊಡೆಯುವ ಮುಂಚೆಯೇ ಮನೆಗೆ ಬಂದರು.

ಮನೆಗೆ ಬರುವುದೂ ಸುಲಭವಿರಲಿಲ್ಲ. ಮುಂಬಾಗಿಲಿಗೆ ಬಂದರೆ ನಕ್ಷೆ ಮೇಷ್ಟ್ರು ಕಾಣಬಹುದೆಂದು ಸುತ್ತು ಬಳಸಿ, ಹಿತ್ತಲ ಗೋಡೆ ಹತ್ತಿ, ಮೊದಲು ಚೀಲ, ಆಮೇಲೆ ಛತ್ರಿ, ಆಮೇಲೆ ತಾವು ಇಳಿಯುತ್ತಿದ್ದರು. ಐವತ್ತು ದಾಟಿದ ಇತಿಹಾಸದ ಅಧ್ಯಾಪಕರು ಗೋಡೆ ಹಾರುವುದನ್ನು ಅಕ್ಕಪಕ್ಕದವರು ನೋಡಿ, ನನ್ನ ಹತ್ತಿರ ಬಂದು, "ಏನಮ್ಮಾ, ಮನೇಲಿ ಏನಾದ್ರೂ ಮನಸ್ತಾಪವಾ?" ಎಂದು ಮೆತ್ತಗೆ ಕೇಳಿಹೋದರು. ಒಬ್ಬರು ಏಣಿ ತಂದುಕೊಟ್ಟರು. ಯಾಕೆ ಏನು ಎಂದು ಕೇಳದೆ ಗೋಡೆಗೆ ಒರಗಿಸಿ ಹೋದರು. ಅದೂ ಒಂದು ಉಪಕಾರವೇ.

ಒಂದು ದಿನ ಹಿತ್ತಲಿಂದ ಬಂದವರು ಇನ್ನೂ ಬಾಗಿಲು ಮುಟ್ಟಿರಲಿಲ್ಲ, ಗೋಡೆಯಾಚೆ ನಕ್ಷೆ ಮೇಷ್ಟ್ರು ಕಾಣಿಸಿಕೊಂಡರು. ನಮ್ಮವರು ಸರ್ರನೆ ಹಗ್ಗದ ಮೇಲಿನ ಹೊದಿಕೆಯ ಹಿಂದೆ ನಿಂತರು. ಮೇಲೆಲ್ಲ ಮುಚ್ಚಿತ್ತು, ಕೆಳಗೆ ಒಂದು ಜೊತೆ ಕಂದು ಬಣ್ಣದ ಬೂಟು ಕಾಣುತ್ತಿತ್ತು. ನಾನು ಏನು ಮಾಡಲಿ, ಇನ್ನೊಂದು ಬಟ್ಟೆ ತೆಗೆದು ಕೊಡವಿದೆ.

ಮೇಷ್ಟ್ರು ಆ ಕಡೆ ನೋಡಿದರೋ ಇಲ್ಲವೋ ತಿಳಿಯಲಿಲ್ಲ. "ಪ್ರೊಫೆಸರ್ ಮನೇಲಿಲ್ವಾ ತಾಯಿ?"

"ಇನ್ನೂ... ಬಂದ ಹಾಗಿಲ್ಲ."

"ಪರವಾಗಿಲ್ಲ. ಬಂದಾಗ ಹೇಳಿ, ನಾನು ಕೇಳ್ದೆ ಅಂತ." ಸ್ವಲ್ಪ ಹೊತ್ತು ನಿಂತು, "ಬಟ್ಟೆ ಒಣಗಲಿ, ಅವಸರ ಇಲ್ಲ," ಎಂದು ಒಳಗೆ ಹೋದರು. ಮುಂದಿನ ಸೋಮವಾರವೂ ಗೋಡೆಯ ಮೇಲೆ ಎರಡು ಪೆನ್ಸಿಲ್ ಇದ್ದವು. ಅದರ ಮುಂದಿನ ಸೋಮವಾರವೂ. ನಮ್ಮವರು ತಮ್ಮ ಪಾಲಿನದನ್ನು ಮುಟ್ಟುತ್ತಿರಲಿಲ್ಲ. ನಾನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೆ.

ಪಾಠವಿಲ್ಲದ ಮೇಷ್ಟ್ರನ್ನು ಸುಮ್ಮನೆ ಕೂರಿಸಬಾರದೆಂದು ಪರೀಕ್ಷಾ ವಿಭಾಗಕ್ಕೆ ಹಾಕಿದ್ದರು. ಪರೀಕ್ಷಾ ಕೋಣೆಗಳ ಬೆಂಚುಗಳಿಗೆ ಸಂಖ್ಯೆ ಅಂಟಿಸುವ ಕೆಲಸ. ಅವರು ಸಂಖ್ಯೆ ಅಂಟಿಸಿ ಬಿಡಲಿಲ್ಲ. ಪ್ರತಿ ಕೋಣೆಯ ಬಾಗಿಲಿಗೂ ಒಂದು ಚಿಕ್ಕ ನಕ್ಷೆ ಬರೆದು ಅಂಟಿಸಿದರು. ಕಿಟಕಿ ಎಲ್ಲಿ, ಕುಡಿಯುವ ನೀರು ಎಲ್ಲಿ, ಕಾಲು ಅಲ್ಲಾಡುವ ಬೆಂಚು ಯಾವುದು, ಯಾವ ಸಾಲಿಗೆ ಹತ್ತು ಗಂಟೆಗೆ ಬಿಸಿಲು ಬೀಳುತ್ತದೆ, ಎಲ್ಲ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಹೆದರಿ ಬಂದ ವಿದ್ಯಾರ್ಥಿಗಳು ಅದನ್ನು ನೋಡಿ ನಗುನಗುತ್ತಾ ಒಳಗೆ ಹೋಗುತ್ತಿದ್ದರಂತೆ. ಪರೀಕ್ಷೆ ಮುಗಿದ ದಿನ ಬಾಗಿಲ ಮೇಲೆ ಒಂದು ನಕ್ಷೆಯೂ ಉಳಿದಿರಲಿಲ್ಲ. ಎಲ್ಲ ಯಾರ‍್ಯಾರದೋ ಪುಸ್ತಕದೊಳಗೆ ಸೇರಿದ್ದವು. ಇದನ್ನು ನಾದಿನಿ ಬಂದು ಹೇಳಿದಾಗ ನಮ್ಮವರು ಊಟ ಬಿಟ್ಟು ಎದ್ದರು.

"ಅಣ್ಣಾ, ಆ ಮನುಷ್ಯನ ಎದುರು ಹೋಗಿ ಎರಡು ಮಾತಾಡೋಕೆ ಇನ್ನೆಷ್ಟು ಸಭೆ ಬೇಕು ನಿನಗೆ?" ಎಂದು ಅವಳು ಹಿಂದಿನಿಂದ ಕೂಗಿದಳು.

"ಒಂದೇ," ಎಂದರು ಒಳಗಿನಿಂದ. "ಪರಿಷತ್ತಿಂದು ಒಂದೇ ಬಾಕಿ."

ಆ ಒಂದು ಸಭೆ ಮೂರು ಸಲ ಮುಂದೆ ಹೋಯಿತು. ಅಷ್ಟರಲ್ಲಿ ನಕ್ಷೆ ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆಗೆ ನಾನು ಹೋಗಿದ್ದೆ. ಅವರ ಕೋಣೆಯ ಗೋಡೆಯ ಮೇಲೆ ಹತ್ತು ಹಾಳೆಗಳಿದ್ದವು, ಪಕ್ಕದಲ್ಲಿ ಎರಡು ಹಾಳೆಯಷ್ಟು ಬರಿ ಗೋಡೆ. ಗಾಜಿನ ಮೇಜಿನ ಮೇಲೆ ಯಾರೋ ತಿಂಡಿಯ ತಟ್ಟೆಗಳನ್ನು ಜೋಡಿಸಿದ್ದರು. ಅಡಿಯ ದೀಪ ಉರಿಯುತ್ತಿತ್ತು, ತಟ್ಟೆಗಳ ಸುತ್ತ ಬೆಳಕಿನ ಅಂಚು. ನಮ್ಮವರು ಬರಲಿಲ್ಲ. ಜ್ವರ ಎಂದು ನಾನು ಸುಳ್ಳು ಹೇಳಿದೆ. "ಮೈ ನೋಡ್ಕೊಳ್ಳೋಕೆ ಹೇಳಿ," ಎಂದರು ಮೇಷ್ಟ್ರು. ಮನೆಗೆ ಬಂದು ನೋಡಿದರೆ ನಮ್ಮವರಿಗೆ ನಿಜವಾಗಿಯೂ ಮೈ ಬಿಸಿಯಾಗಿತ್ತು.

ನಿವೃತ್ತಿಯಾಗಿ ಎರಡು ತಿಂಗಳಿಗೆ ಪರಿಷತ್ತು ಸೇರಿ ಅಂಗೀಕಾರ ಎಂದಿತು. ಪುಸ್ತಕ ಬಂದ ದಿನದಿಂದ ಲೆಕ್ಕ ಹಾಕಿದರೆ ಹದಿನಾರು ತಿಂಗಳು. ನಮ್ಮವರ ಪಾಠ ಇಳಿದು ನಕ್ಷೆ ಪಾಠ ವಾಪಸು ಬಂತು, ಕಲಿಸಲು ಹೊಸಬರೂ ಬಂದರು; ಅವರದು ಕಂಪ್ಯೂಟರಿನ ನಕ್ಷೆ, ಗಾಜಿನ ಮೇಜು ಬೇಕಿರಲಿಲ್ಲ. ಮೇಷ್ಟ್ರು ಆ ವಾರ ಮನೆ ಖಾಲಿ ಮಾಡಿ, ದೂರದ ಊರಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೊರಡುವವರಿದ್ದರು.

ನಮ್ಮವರು ಆದೇಶದ ಕಾಗದ ಹಿಡಿದು, ಹದಿನಾರು ತಿಂಗಳ ನಂತರ ಮುಂಬಾಗಿಲಿಂದ ಹೊರಟರು. ನಾನೂ ಹಿಂದೆ ಹೋದೆ. ಆ ಮನೆಯಲ್ಲಿ ಪೆಟ್ಟಿಗೆಗಳ ಮಧ್ಯೆ ಕೂರಲು ಒಂದೇ ಕುರ್ಚಿ ಉಳಿದಿತ್ತು. ಮೇಷ್ಟ್ರು ಎದ್ದು ಅದನ್ನು ನನಗೆ ಕೊಟ್ಟರು.

ನಮ್ಮವರು ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಮಾದರಿ, ಏಳನೆಯ ಕಾಲಂ, ನಾಲ್ಕು ಸಭೆ, ಉಪಸಮಿತಿ, ಹಿತ್ತಲ ಗೋಡೆ. "ನೀವು ನನ್ನ ನಂಬಿ ಓದದೇ ಸಹಿ ಹಾಕಿದ್ರಿ ಮೇಷ್ಟ್ರೇ. ನಾನೂ ಓದಿರಲಿಲ್ಲ. ಅದೊಂದು ಕಾಲಂ ಯಾರೂ ಓದಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಲ್ಲಿ ಬಿಸಿಲು ಇರಲಿಲ್ಲ.

"ನಾನು ಓದಿದ್ದೆ," ಎಂದರು.

"ಓದಿದ್ರಾ? ಮತ್ತೆ... ಸಹಿ ಯಾಕೆ ಹಾಕಿದ್ರಿ?"

"ನೀವು ಕೇಳಿದ್ರಲ್ಲ. ಬಹಳ ವರ್ಷದ ಆಸೆ ಅಂದ್ರಿ. ಬೇರೆ ಯಾರ ಪಾಠಾನೂ ಕೇಳೋಕೆ ಸಂಕೋಚ ಆಗಿ, ಪಕ್ಕದ ಮನೆಯವನು ಇಲ್ಲ ಅನ್ನಲ್ಲ ಅಂತ ನನ್ನ ಹತ್ರ ಬಂದಿದ್ದೀರಿ ಅಂದುಕೊಂಡೆ. ನನ್ನದು ಹೇಗೂ ಮುಗೀತಾ ಬಂದಿತ್ತು." ಕನ್ನಡಕ ಹಾಕಿಕೊಂಡರು. "ಆಮೇಲೆ ನೀವು ಮುಖ ತಪ್ಪಿಸೋಕೆ ಶುರು ಮಾಡಿದ್ರಿ. ಬೇಕಾದ್ದು ಸಿಕ್ತು, ಇನ್ನು ನನ್ನ ಜೊತೆ ಮಾತು ಯಾಕೆ ಅಂತಿರಬೇಕು ಅಂದುಕೊಂಡೆ. ಅದೇ ಸ್ವಲ್ಪ ಬೇಜಾರಾಯ್ತು. ಪಾಠ ಹೋಗಿದ್ದಕ್ಕಲ್ಲ." ಸ್ವಲ್ಪ ತಡೆದು, "ಅದಕ್ಕೂ ಆಯ್ತು. ಸುಳ್ಳು ಯಾಕೆ ಹೇಳ್ಲಿ," ಎಂದರು.

ನಮ್ಮವರು ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು. ನಾಲ್ಕು ಸಭೆಗಳಲ್ಲಿ ಆ ಅರ್ಜಿಯನ್ನು ಯಾರೂ ಓದಿರಲಿಲ್ಲ. ಗೋಡೆಯ ಬಳಿ, ಬಿಸಿಲಲ್ಲಿ ನಿಂತು, ಒಂದು ತಟ್ಟೆಯ ಬೆನ್ನ ಮೇಲಿಟ್ಟುಕೊಂಡು, ಓದಿದವರು ಒಬ್ಬರೇ. ಅವರೂ ತಪ್ಪಾಗಿ ಅರ್ಥ ಮಾಡಿಕೊಂಡರು. ನಮ್ಮ ಮೇಲಿನ ಅಕ್ಕರೆಯಿಂದ. ನಾನು, "ಪೆನ್ಸಿಲೆಲ್ಲ ಜೋಪಾನವಾಗಿವೆ ಮೇಷ್ಟ್ರೇ," ಎಂದೆ. ಅವರು ತಲೆಯಾಡಿಸಿದರು, ಅದೇ ದೊಡ್ಡ ಸಮಾಚಾರವೆಂಬಂತೆ.

ಹೊರಡುವ ದಿನ ಸೋಮವಾರ. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವರ ಮನೆಗೆ ಬೀಗ ಬಿದ್ದಿತ್ತು. ಗೋಡೆಯ ಮೇಲೆ ಎರಡು ಪೆನ್ಸಿಲ್, ಅವುಗಳಡಿಯಲ್ಲಿ ಗಾಳಿಗೆ ಹಾರದಂತೆ ಕಲ್ಲಿಟ್ಟ ಒಂದು ಕಾಗದ. ದೊಡ್ಡ ಹಾಳೆಯಿಂದ ಅಂಗೈಯಗಲ ಕತ್ತರಿಸಿದ್ದು. ಮೂಲೆಯಲ್ಲಿ 'ಹಾಳೆ ೧೨, ಒಂದು ಭಾಗ' ಎಂದು ಬರೆದಿದ್ದರು. ಎರಡು ಮನೆ, ಎರಡು ಬಾಗಿಲು, ನಡುವೆ ಗೋಡೆ. ಬಾಗಿಲಿಂದ ಬಾಗಿಲಿಗೆ ಚುಕ್ಕೆಯ ದಾರಿ, ಪಕ್ಕದಲ್ಲಿ 'ಹನ್ನೊಂದು ಹೆಜ್ಜೆ'. ಉತ್ತರ ದಿಕ್ಕಿನ ಬಾಣ. ಹಿತ್ತಲ ಗೋಡೆಗೆ ಒರಗಿದ ಏಣಿ. ಮಾತು ಕೊಟ್ಟ ಹಾಗೆ ಬಟ್ಟೆಯ ಹಗ್ಗ, ಅದರ ಮೇಲೊಂದು ಹೊದಿಕೆ, ಮತ್ತು ಹೊದಿಕೆಯ ಕೆಳಗೆ, ಬಹಳ ಸಣ್ಣದಾಗಿ, ಒಂದು ಜೊತೆ ಬೂಟು.

ನಮ್ಮವರು ಅದನ್ನು ಗಮನವಿಟ್ಟು ಓದಿದರು. ಬಹಳ ಹೊತ್ತು ಓದಿದರು.